ಮಾರಿಷಸ್ ದ್ವೀಪದ ಚಂಡಮಾರುತಗಳು

ಹಿಂದೂ ಮಹಾಸಾಗರದ ಭೂಪಟವನ್ನು ಬಿಚ್ಚಿ ನೋಡಿದರೆ, ಆಫ್ರಿಕ ಖಂಡದ ಪೂರ್ವಕ್ಕೆ ಮಡಗಾಸ್ಕರವೆಂಬ ದೊಡ್ಡ ದ್ವೀಪವೂ, ಅದರಿಂದಾಚೆಗೆ ನೂರಾರು ಮೈಲಿಗಳ ದೂರದಲ್ಲಿ, ಸಾಸಿವೆಯ ಕಾಳುಗಳನ್ನು ಚೆಲ್ಲಿದಂತೆ ಮೂರು ಸಣ್ಣ ದ್ವೀಪಗಳೂ ಕಾಣುತ್ತವೆ. ರಿಯೂನಿಯನ್, ಮಾರಿಷಸ್, ರಾಡ್ರಿಗ್ಸ್ ಎಂದು ಅವುಗಳ ಹೆಸರು. ದೂರದವಾದರೂ ಅವಕ್ಕೂ ನಮಗೂ ಒಂದು ನಂಟುಂಟು. ಆಷಾಢ ಶ್ರಾವಣಗಳಲ್ಲಿ ಸಹ್ಯಾದ್ರಿಗೆ ಮಳೆಯನ್ನು ಹೊತ್ತು ತರುವ ನೈಋತ್ಯ ಮಾರುತವು ಆ ದಕ್ಷಿಣ ಸಾಗರದಲ್ಲಿ ಆಗ್ನೇಯ ಮಾರುತವಾಗಿ ಹೊರಟು, ಭೂಮಧ್ಯರೇಖೆಯನ್ನು ದಾಟಿ, ದಿಕ್ಕು ತಿರುಗಿ ನಮ್ಮ ಕಡೆಗೆ ಬರುತ್ತದೆ. ನಮಗೆ ಅನ್ನವನ್ನು ಕೊಡುವ ಆ ಕಡಲೇ, ನವೆಂಬರಿನಿಂದ ಏಪ್ರಿಲಿನವರೆಗೆ, ಅಲ್ಲಿಯವರ ಪಾಲಿಗೆ ಮೃತ್ಯುವಾಗುವುದುಂಟು. ಮನುಷ್ಯನು ಆ ಗಾಳಿಯ ನಡೆಯನ್ನು ಹೇಗೆ ಅರಿತುಕೊಂಡನು, ಆ ಅರಿವು ಯಾರಿಗೆ ಎಷ್ಟರಮಟ್ಟಿಗೆ ಆಸರೆಯಾಯಿತು ಎಂಬುದೇ ಈ ಭಾಷಣದ ವಿಷಯ.

ಬೇಸಗೆಯ ಬಿಸಿಲಿಗೆ ಕಾದ ಕಡಲಿನ ಮೇಲೆ ನೀರು ಆವಿಯಾಗಿ ಮೇಲೇರುತ್ತದೆ. ಆವಿಯು ಮುಗಿಲಾಗುವಾಗ ತನ್ನಲ್ಲಡಗಿದ್ದ ಶಾಖವನ್ನು ಹೊರಚೆಲ್ಲುತ್ತದೆ. ಆ ಶಾಖದಿಂದ ಗಾಳಿಯು ಇನ್ನೂ ಹಗುರವಾಗಿ ಮೇಲಕ್ಕೆ ಹೋಗುತ್ತದೆ. ತೆರವಾದ ಸ್ಥಳಕ್ಕೆ ಸುತ್ತಣ ಗಾಳಿ ನುಗ್ಗುತ್ತದೆ. ಭೂಮಿಯು ತಿರುಗುತ್ತಿರುವುದರಿಂದ ಹೀಗೆ ನುಗ್ಗಿದ ಗಾಳಿ ನೇರವಾಗಿ ಬಾರದೆ ಸುಳಿಯಾಗುತ್ತದೆ. ದಕ್ಷಿಣ ಗೋಳಾರ್ಧದಲ್ಲಿ ಈ ಸುಳಿ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ. ನಟ್ಟನಡುವೆ ಕೆಲವು ಮೈಲಿಗಳಷ್ಟು ಗಾಳಿಯಿಲ್ಲದ ಪ್ರದೇಶವೊಂದುಂಟು. ಅದನ್ನು ಚಂಡಮಾರುತದ ಕಣ್ಣೆನ್ನುವರು.

ಇಷ್ಟು ಸಂಗತಿಯನ್ನು ತಿಳಿಯಲು ಶತಮಾನಗಳೇ ಬೇಕಾದುವು. ಡಚ್ಚರು 1598ರಲ್ಲಿ ಈ ದ್ವೀಪಕ್ಕೆ ಬಂದಿಳಿದು ತಮ್ಮ ರಾಜಕುಮಾರನಾದ ಮಾರಿಸನ ಹೆಸರನ್ನಿಟ್ಟರು. ಪೂರ್ವದ್ವೀಪಗಳಲ್ಲಿ ಅವರ ಮೊದಲನೆಯ ಗವರ್ನರ್ ಜನರಲ್ ಆಗಿದ್ದ ಪೀಟರ್ ಬೋಥ್ ಎಂಬಾತನು ಅಧಿಕಾರವನ್ನು ಮುಗಿಸಿ ಸ್ವದೇಶಕ್ಕೆ ಮರಳುತ್ತಿದ್ದಾಗ, 1615ರಲ್ಲಿ, ಇದೇ ದ್ವೀಪದ ದಡದ ಬಳಿ ಬಿರುಗಾಳಿಗೆ ಸಿಕ್ಕಿ ಹಡಗೊಡೆದು ಮುಳುಗಿ ಸತ್ತನು. ತುದಿಯಲ್ಲಿ ಮನುಷ್ಯನ ತಲೆಯಂಥ ಬಂಡೆಯನ್ನು ಹೊತ್ತು ನಿಂತಿರುವ ಬೆಟ್ಟವೊಂದು ಇಂದಿಗೂ ಅವನ ಹೆಸರಿನಿಂದ ನಿಂತಿದೆ. ಗಾಳಿ, ಬರ, ಇಲಿಗಳ ಕಾಟ ಇವುಗಳಿಂದ ಬೇಸತ್ತ ಡಚ್ಚರು 1710ರಲ್ಲಿ ದ್ವೀಪವನ್ನೇ ಬಿಟ್ಟು ಹೊರಟುಹೋದರು.

ಬಳಿಕ ಬಂದವರು ಫ್ರೆಂಚರು. ಅವರ ಕಾಲದ ಒಂದು ಕಥೆ ಜಗತ್ಪ್ರಸಿದ್ಧವಾಗಿದೆ. 1744ರಲ್ಲಿ ಸಾಂ ಜೆರಾನ್ ಎಂಬ ಹಡಗು ಮಾರಿಷಸ್ಸಿನ ಹವಳದ ಬಂಡೆಗಳಿಗೆ ಬಡಿದು ಒಡೆಯಿತು. ಬರ್ನಾರ್ಡಿನ್ ದ ಸಾಂ ಪಿಯೇರ್ ಎಂಬ ಗ್ರಂಥಕರ್ತನು 1788ರಲ್ಲಿ ಪ್ರಕಟಿಸಿದ "ಪಾಲ್ ಮತ್ತು ವರ್ಜಿನಿ" ಎಂಬ ಕಾದಂಬರಿಯಲ್ಲಿ ನಾಯಿಕೆಯು ಸಾಯುವುದು ಈ ಹಡಗಿನಲ್ಲಿಯೇ. ನಿಜವಾದ ಅಪಘಾತವಾದದ್ದು ಆಗಸ್ಟ್ ತಿಂಗಳಿನಲ್ಲಿ, ಚಂಡಮಾರುತವು ಸುಳಿಯದ ಕಾಲದಲ್ಲಿ. ಕವಿಯು ಅದನ್ನು ಡಿಸೆಂಬರಿಗೆ ತಂದು, ಘೋರವಾದ ಬಿರುಗಾಳಿಯನ್ನು ಬೀಸಿಸಿದನು. ಓದುಗರು ಅದನ್ನು ನಂಬಿದರು. ಆ ದ್ವೀಪವೆಂದರೆ ಬಿರುಗಾಳಿಯೆಂಬ ಭಾವನೆ ಅಷ್ಟು ಬೇರೂರಿತ್ತು.

ಗಾಳಿಯು ದ್ವೀಪದ ಬೆಳೆಯನ್ನೂ ತಾನೇ ಆರಿಸಿತೆನ್ನಬಹುದು. ಕಾಫಿ ಮತ್ತು ಲವಂಗದ ಗಿಡಗಳು ಒಂದು ಹೊಡೆತಕ್ಕೆ ಮುರಿದರೆ ಮತ್ತೆ ಫಲ ಕೊಡಲು ವರ್ಷಗಳು ಬೇಕು. ಕಬ್ಬಾದರೋ ಬಾಗಿ ನೆಲಕ್ಕೊರಗಿದರೂ ಮತ್ತೆ ತಲೆಯೆತ್ತುತ್ತದೆ. ಆದಕಾರಣ ಕಬ್ಬೇ ಅಲ್ಲಿಯ ಸರ್ವಸ್ವವಾಯಿತು. 1810ರಲ್ಲಿ ಇಂಗ್ಲಿಷರು ದ್ವೀಪವನ್ನು ಗೆದ್ದರು. ಗುಲಾಮಗಿರಿಯು ನಿಂತ ಮೇಲೆ ಕಬ್ಬಿನ ಕೆಲಸಕ್ಕೆ ಜನ ಬೇಕಾಗಿ, 1834ರಿಂದ 1920ರವರೆಗೆ ನಮ್ಮ ದೇಶದಿಂದ ಐದು ಲಕ್ಷಕ್ಕೆ ಸಮೀಪವಾದಷ್ಟು ಕರಾರು ಕೂಲಿಗಳನ್ನು ಅಲ್ಲಿಗೆ ಸಾಗಿಸಿದರು. ಹುಲ್ಲು ಹೊದಿಸಿದ ಗುಡಿಸಲುಗಳೇ ಅವರಲ್ಲಿ ಬಹುಮಂದಿಗೆ ಮನೆಗಳಾದುವು. ಇದನ್ನು ಶ್ರೋತೃಗಳು ನೆನಪಿನಲ್ಲಿಡಬೇಕು.

ಇತ್ತ ಗಾಳಿಯ ಶಾಸ್ತ್ರವು ಹಡಗುಗಳ ದಿನಚರಿ ಪುಸ್ತಕಗಳಿಂದ ಮೆಲ್ಲನೆ ಹುಟ್ಟುತ್ತಿತ್ತು. 1845ರ ಫೆಬ್ರವರಿಯಲ್ಲಿ ಚಾರ್ಲ್ಸ್ ಹೆಡ್ಲ್ ಎಂಬ ಹಡಗು ಮಾರಿಷಸ್ಸನ್ನು ಬಿಟ್ಟು ಹೊರಟಿತು. ಚಂಡಮಾರುತಕ್ಕೆ ಸಿಕ್ಕಿ, ಗಾಳಿಗೆ ಬೆನ್ನುಕೊಟ್ಟು ಐದು ದಿನ ಓಡಿತು. ಸಾವಿರಕ್ಕೂ ಹೆಚ್ಚು ಮೈಲಿಗಳನ್ನು ಕ್ರಮಿಸಿದ ಮೇಲೆ ನೋಡಿದರೆ, ಗಾಣದ ಎತ್ತಿನಂತೆ ಸುಳಿಯ ಸುತ್ತ ಐದು ಸುತ್ತು ಬಂದು, ಹೊರಟ ಸ್ಥಳದಿಂದ ಅತಿದೂರವೇನೂ ಹೋಗಿರಲಿಲ್ಲ! ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬ ಹಳೆಯ ನಾವಿಕನು ಆ ಹಡಗಿನ ದಿನಚರಿಯನ್ನು ತರಿಸಿ, ಗಾಳಿಯು ಸುಳಿಯಾಗಿ ತಿರುಗುವುದೆಂಬುದಕ್ಕೆ ಪ್ರತ್ಯಕ್ಷ ಪ್ರಮಾಣವಾಗಿ ಎತ್ತಿಹಿಡಿದನು. ಹಾವಿನ ಸುರುಳಿಯನ್ನು ಸೂಚಿಸುವ ಗ್ರೀಕ್ ಪದದಿಂದ 'ಸೈಕ್ಲೋನ್' ಎಂಬ ಹೆಸರನ್ನು ಕಟ್ಟಿ 1848ರ ತನ್ನ ಗ್ರಂಥದ ಮೂಲಕ ಪ್ರಚಾರಕ್ಕೆ ತಂದವನೂ ಅವನೇ.

ಆದರೆ ಅರೆ ಅರಿವೂ ಅಪಾಯವೇ. ಗಾಳಿಯು ಪೂರ್ಣವೃತ್ತವಾಗಿ ಸುತ್ತುವುದೆಂದು ಆಗಿನವರು ಭಾವಿಸಿದ್ದರು. ಗಾಳಿಗೆ ಎದುರಾಗಿ ನಿಂತರೆ ದಕ್ಷಿಣ ಸಾಗರದಲ್ಲಿ ಸುಳಿಯ ಕೇಂದ್ರವು ಸರಿಯಾಗಿ ಎಡಗೈಯ ಕಡೆಗಿರುವುದೆಂಬುದು ಅವರ ಸೂತ್ರ. ಆಗ್ನೇಯದ ಗಾಳಿ ಬಲವಾದರೆ ಕೇಂದ್ರವು ಈಶಾನ್ಯದಲ್ಲಿದೆಯೆಂದು ಎಣಿಸಿ, ಕಪ್ತಾನನು ಹಡಗನ್ನು ವಾಯವ್ಯಕ್ಕೆ ಓಡಿಸುವನು. ಈ ಸೂತ್ರವನ್ನು ಪರೀಕ್ಷಿಸಿದವನು ಚಾರ್ಲ್ಸ್ ಮೆಲ್‌ಡ್ರಮ್. ಈತನು 1848ರಲ್ಲಿ ಬೊಂಬಾಯಿಯಿಂದ ಬಂದು ಪೋರ್ಟ್ ಲೂಯಿ ನಗರದ ರಾಯಲ್ ಕಾಲೇಜಿನಲ್ಲಿ ಗಣಿತದ ಅಧ್ಯಾಪಕನಾದವನು. 1851ರಲ್ಲಿ ಅಲ್ಲಿ ಹವಾಮಾನ ಸಂಘವನ್ನು ಸ್ಥಾಪಿಸಿ, ಬಂದರಿಗೆ ಬಂದ ಹಡಗುಗಳ ದಿನಚರಿಗಳನ್ನು ವರ್ಷ ವರ್ಷವೂ ಪ್ರತಿಮಾಡಿಸಿ ಹೋಲಿಸಿದನು. ಗಾಳಿಯು ಸುತ್ತುವುದಷ್ಟೇ ಅಲ್ಲ, ಕೇಂದ್ರದ ಕಡೆಗೆ ಒಳಸರಿಯುತ್ತಲೂ ಇರುತ್ತದೆ. ಆಗ್ನೇಯದ ಗಾಳಿ ಬೀಸುವಾಗ ಕೇಂದ್ರವು ಉತ್ತರಕ್ಕೋ ವಾಯವ್ಯಕ್ಕೋ ಇರಬಹುದು ಎಂದು ಅವನಿಗೆ ಕಂಡುಬಂದಿತು. ಎಂದರೆ, ಸೂತ್ರವನ್ನು ನಂಬಿ ಪಾರಾಗಲು ಓಡಿದ ಹಡಗು ನೇರವಾಗಿ ಮೃತ್ಯುಮುಖಕ್ಕೇ ಓಡುತ್ತಿತ್ತು! ಅವನ ಪರಿಶ್ರಮಕ್ಕೆ ಫಲವಾಗಿ ಪಾಂಪ್ಲೆಮೂಸ್ ಎಂಬಲ್ಲಿ ವೇಧಶಾಲೆಯೊಂದಕ್ಕೆ 1870ರಲ್ಲಿ ಅಸ್ತಿಭಾರವನ್ನು ಹಾಕಿದರು.

ಇಷ್ಟೆಲ್ಲ ಇದ್ದೂ 1892ರ ಏಪ್ರಿಲ್ 29 ಬಂದಿತು. ಗಾಳಿಯ ಕಾಲ ಕಳೆಯಿತೆಂದು ಜನರು ನಿಶ್ಚಿಂತರಾಗಿದ್ದರು. ಹಗಲಿನಲ್ಲಿಯೇ ಗಾಳಿ ಏರಿತು. ವಾಯುಭಾರಮಾಪಕದ ಪಾದರಸವು 28 ಅಂಗುಲಕ್ಕಿಂತ ಕೆಳಗಿಳಿಯಿತು. ಮಧ್ಯಾಹ್ನ ಕಣ್ಣು ದ್ವೀಪದ ಮೇಲೆ ಹಾದಾಗ ಎಲ್ಲವೂ ಸ್ತಬ್ಧವಾಯಿತು. ಆಮೇಲೆ ಗಾಳಿಯು ದಿಕ್ಕು ಬದಲಿಸಿ, ಮೊದಲಿಗಿಂತ ಪ್ರಚಂಡವಾಗಿ ಪಶ್ಚಿಮದಿಂದ ಅಪ್ಪಳಿಸಿತು. ಕೆಲವೇ ಗಂಟೆಗಳಲ್ಲಿ ಪೋರ್ಟ್ ಲೂಯಿಯ ಮೂರನೆಯ ಒಂದು ಭಾಗದಷ್ಟು ಹಾಳಾಯಿತು. ಮೆಲ್‌ಡ್ರಮನು ಪಾಠ ಹೇಳಿದ್ದ ರಾಯಲ್ ಕಾಲೇಜೂ ಕುಸಿಯಿತು. ಸತ್ತವರು ಸುಮಾರು 1,200 ಮಂದಿ. ಲೋಕದಲ್ಲಿ ಚಂಡಮಾರುತವನ್ನು ಬಲ್ಲವರಲ್ಲಿ ಅಗ್ರಗಣ್ಯನಾದವನು ಕೆಲವೇ ಮೈಲಿಗಳ ದೂರದಲ್ಲಿದ್ದನು, ವೇಧಶಾಲೆಯೂ ಇದ್ದಿತು. ಆದರೆ ಒಂದೆಡೆಯಲ್ಲಿಟ್ಟ ಪಾದರಸವು ಹೇಳಬಲ್ಲುದು ತನ್ನ ನೆತ್ತಿಯ ಮೇಲಣ ಗಾಳಿಯ ಸಂಗತಿಯನ್ನು ಮಾತ್ರ. ಕಡಲಿನ ನಡುವೆ ಏನು ನಡೆಯುತ್ತಿದೆಯೆಂದು ಮುಂದಾಗಿ ತಿಳಿಸುವವರಾರೂ ಇರಲಿಲ್ಲ. ತಿಳಿಸಿದ್ದರೂ ಹುಲ್ಲಿನ ಗುಡಿಸಲಿನವನು ಓಡಿಹೋಗಿ ಸೇರಬೇಕಾದ ಗಟ್ಟಿ ಮನೆ ಯಾವುದಿತ್ತು?

ಮುಂದಿನ ಚರಿತ್ರೆಯು ಈ ಎರಡು ಕೊರತೆಗಳನ್ನು ತುಂಬಿಕೊಂಡ ಕಥೆ. ಪೂರ್ವಕ್ಕೆ 350 ಮೈಲಿಗಳಾಚೆಯಿರುವ ರಾಡ್ರಿಗ್ಸಿಗೆ 1901ರಲ್ಲಿ ಸಮುದ್ರದಡಿಯ ತಂತಿಯನ್ನು ಹಾಸಿದರು. ಪೂರ್ವದಿಂದ ಬರುವ ಗಾಳಿಗೆ ಆ ಪುಟ್ಟ ದ್ವೀಪವು ಹೆಬ್ಬಾಗಿಲಿನ ಕಾವಲುಗಾರನಂತಾಯಿತು. ನಿಸ್ತಂತುವು ಬಂದ ಮೇಲೆ ನಡುಗಡಲಿನ ಹಡಗುಗಳೂ ಮಾತನಾಡತೊಡಗಿದುವು. 1960ರ ಫೆಬ್ರವರಿಯಲ್ಲಿ ಕ್ಯಾರಲ್ ಎಂಬ ಚಂಡಮಾರುತವು ಗಂಟೆಗೆ ಸುಮಾರು 160 ಮೈಲಿಗಳ ವೇಗದಲ್ಲಿ ದ್ವೀಪವನ್ನು ತುಳಿದು ಸಾವಿರಾರು ಮನೆಗಳನ್ನು ನೆಲಸಮ ಮಾಡಿತು. ಆದರೂ ಸತ್ತವರು 42 ಮಂದಿ. ಅದೇ ವರ್ಷದ ಏಪ್ರಿಲ್ 1ರಂದು ಮೊದಲನೆಯ ಹವಾಮಾನ ಉಪಗ್ರಹವು ಆಕಾಶಕ್ಕೇರಿತು. ದ್ವೀಪದಲ್ಲಿ ಸರಕಾರವು ಹುಲ್ಲುಮನೆಗಳಿಗೆ ಬದಲಾಗಿ ಕಾಂಕ್ರೀಟಿನ ಮನೆಗಳನ್ನು ಕಟ್ಟಿಸತೊಡಗಿತು. 1975ರ ಫೆಬ್ರವರಿಯಲ್ಲಿ ಗರ್ವೇಸ್ ಎಂಬುದು ಕ್ಯಾರಲ್‌ಗಿಂತಲೂ ಬಿರುಸಾಗಿ ಬೀಸಿತು. ಆಗ ಸತ್ತವರ ಸಂಖ್ಯೆ ಹತ್ತರಷ್ಟಕ್ಕೇ ನಿಂತಿತು.

ಗಾಳಿಯ ಬಲವೇನೂ ಕುಗ್ಗಿಲ್ಲ. ನೆರೆಯ ರಿಯೂನಿಯನ್ನಿನ ಬೆಟ್ಟದ ಮೇಲೆ 1980ರ ಜನವರಿಯಲ್ಲಿ ಹಯಸಿಂತ್ ಎಂಬ ಚಂಡಮಾರುತವು ಹದಿನೈದೇ ದಿನಗಳಲ್ಲಿ 239 ಅಂಗುಲ ಮಳೆಯನ್ನು ಸುರಿಸಿತು. 2023ರಲ್ಲಿ ಆಸ್ಟ್ರೇಲಿಯದ ಕಡೆಯಲ್ಲಿ ಹುಟ್ಟಿದ ಫ್ರೆಡ್ಡಿಯು ಇಡೀ ಸಾಗರವನ್ನು ದಾಟಿ, ಮಾರಿಷಸ್ಸಿನ ಉತ್ತರಕ್ಕೆ ಹಾದು, 36 ದಿನಗಳವರೆಗೆ ಬದುಕಿತ್ತು. ಉಪಗ್ರಹಗಳು ಅದನ್ನು ಹಗಲಿರುಳೂ ನೋಡುತ್ತಿದ್ದುವು. ಹೀಗಿದ್ದರೂ ಕೊನೆಗೆ, ಕಡಲೇ ಇಲ್ಲದ ಮಲಾವಿ ದೇಶದಲ್ಲಿ, ಮಳೆಗೆ ಕುಸಿದ ಗುಡ್ಡಗಳಡಿಯಲ್ಲಿಯೂ ಪ್ರವಾಹದಲ್ಲಿಯೂ ಸಾವಿರಕ್ಕೂ ಹೆಚ್ಚು ಜನರು ಸತ್ತರು, ಇಲ್ಲವೆ ಕಾಣೆಯಾದರು.

1892ರ ಪಾಠವು ಹಳೆಯದಾಗಿಲ್ಲವೆಂದು ಇದರಿಂದ ತಿಳಿಯುತ್ತದೆ. ಗಾಳಿಯನ್ನು ಮೊದಲೇ ಕಾಣುವ ಕಣ್ಣು ಬೇಕು, ಕಂಡುದನ್ನು ಗುಡಿಸಲಿನ ಬಾಗಿಲಿಗೆ ಮುಟ್ಟಿಸುವ ಬಾಯಿ ಬೇಕು, ಆ ಮಾತನ್ನು ಕೇಳಿದವನು ಹೊಕ್ಕು ಬಾಗಿಲಿಕ್ಕಿಕೊಳ್ಳಲು ಗಟ್ಟಿಯಾದ ಸೂರು ಬೇಕು. ಮಾರಿಷಸ್ಸಿನ ಜನರು ಈ ಮೂರನ್ನೂ ಕೂಡಿಸಿಕೊಳ್ಳುವುದಕ್ಕೆ, ಪೀಟರ್ ಬೋಥನ ಹಡಗು ಒಡೆದಂದಿನಿಂದ ಎಣಿಸಿದರೆ, ಮುನ್ನೂರೈವತ್ತು ವರ್ಷಗಳು ಹಿಡಿದುವು.