ಎಂಟು ಪಂದ್ಯ, ಒಂದೇ ಗೆಲುವು

ಚಿನ್ನಸ್ವಾಮಿ ಅಂಗಳದಲ್ಲಿ ಭಾರತ–ಪಾಕಿಸ್ತಾನ ಪಂದ್ಯ ಅಂದರೆ ಬೆಂಗಳೂರಿಗರ ಬಾಯಲ್ಲಿ ಮೊದಲು ಬರುವ ಹೆಸರು ವೆಂಕಟೇಶ್ ಪ್ರಸಾದ್. ಆದರೆ ದಾಖಲೆ ಪುಸ್ತಕದ ಲೆಕ್ಕವೇ ಬೇರೆ. ಇಲ್ಲಿ ಉಭಯ ತಂಡಗಳು ಐದು ಟೆಸ್ಟ್, ಎರಡು ಏಕದಿನ ಮತ್ತು ಒಂದು ಟಿ20 ಆಡಿವೆ. ನಾಲ್ಕು ಪಾಕಿಸ್ತಾನದ ಪಾಲು, ಮೂರು ಡ್ರಾ. ಭಾರತಕ್ಕೆ ದಕ್ಕಿದ್ದು ಒಂದೇ ಒಂದು.

ಡ್ರಾಗಳಿಗೆ ಬೆಂಗಳೂರನ್ನು ಮಾತ್ರ ದೂರುವಂತಿಲ್ಲ. 1952ರಿಂದ 2007ರವರೆಗಿನ 59 ಟೆಸ್ಟ್‌ಗಳಲ್ಲಿ 38 ಡ್ರಾ. ಪಾಕಿಸ್ತಾನ 12, ಭಾರತ 9 ಗೆದ್ದಿವೆ. 1954–55 ಮತ್ತು 1960–61ರ ಸರಣಿಗಳ ಹತ್ತಕ್ಕೆ ಹತ್ತೂ ಟೆಸ್ಟ್ ಡ್ರಾ! ಗೆಲ್ಲುವ ಆಸೆಗಿಂತ ಸೋಲಿನ ಭಯವೇ ಹೆಚ್ಚಾಗಿತ್ತು. ಇಲ್ಲಿ ನಡೆದ 1979 ಮತ್ತು 1983ರ ಟೆಸ್ಟ್‌ಗಳೂ ಅದೇ ಹಾದಿ ಹಿಡಿದವು.

1987ರ ಮಾರ್ಚ್‌ನಲ್ಲಿ ಕಥೆ ತಿರುಗಿತು. ಮೊದಲ ನಾಲ್ಕು ಟೆಸ್ಟ್ ಡ್ರಾ ಆಗಿದ್ದ ಸರಣಿಯ ಕೊನೆಯ ಪಂದ್ಯ. ಚೆಂಡು ಬುಗುರಿಯಂತೆ ತಿರುಗುವ ಪಿಚ್‌ನಲ್ಲಿ ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಉರುಳಿಸಿದರು. ಭಾರತ ಮಾಡಿದ್ದೂ 145 ಮಾತ್ರ. ಕೊನೆಗೆ 221ರ ಗುರಿ. ಒಂದು ಬದಿಯಲ್ಲಿ ಇಕ್ಬಾಲ್ ಖಾಸಿಂ, ಇನ್ನೊಂದು ಬದಿಯಲ್ಲಿ ತೌಸೀಫ್ ಅಹ್ಮದ್. ನಡುವೆ ಐದು ಗಂಟೆಗೂ ಹೆಚ್ಚು ಹೊತ್ತು ನಿಂತ ಸುನಿಲ್ ಗಾವಸ್ಕರ್ 96ಕ್ಕೆ ಸ್ಲಿಪ್‌ನಲ್ಲಿ ಕ್ಯಾಚಿತ್ತರು. ಅದೇ ಅವರ ಕೊನೆಯ ಟೆಸ್ಟ್ ಇನಿಂಗ್ಸ್. ನಮ್ಮ ರೋಜರ್ ಬಿನ್ನಿ ಕೊನೆಯವರಾಗಿ ಔಟಾದಾಗ ಬೇಕಿದ್ದದ್ದು ಇನ್ನು 17 ರನ್. ಪಾಕಿಸ್ತಾನ ಭಾರತದ ನೆಲದಲ್ಲಿ ಮೊದಲ ಬಾರಿಗೆ ಸರಣಿ ಗೆದ್ದದ್ದು ಈ ಅಂಗಳದಲ್ಲಿ. ಗೆಲುವಿನ ಲೆಕ್ಕ ಬದಿಗಿಟ್ಟು ನೋಡಿದರೆ, ಇಲ್ಲಿ ನಡೆದ ಶ್ರೇಷ್ಠ ಟೆಸ್ಟ್ ಇದೇ ಎಂದು ನಾನಂತೂ ಹೇಳುತ್ತೇನೆ.

ಇನ್ನು 1996ರ ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್ ಫೈನಲ್, ಹೊನಲು ಬೆಳಕಿನ ಆಟ. ಸಿಧು 93, ಅಜಯ್ ಜಡೇಜ 25 ಎಸೆತಗಳಲ್ಲಿ 45. ವಕಾರ್ ಯೂನಿಸ್ ಕೊನೆಯ ಎರಡು ಓವರ್‌ಗಳಲ್ಲಿ ತೆತ್ತದ್ದು 40. ಅಮೀರ್ ಸೊಹೈಲ್ ಬೌಂಡರಿ ಬಾರಿಸಿ ಬ್ಯಾಟು ಚಾಚಿ ಪ್ರಸಾದ್‌ಗೆ ಗಡಿ ತೋರಿಸಿದ್ದು, ಮರು ಎಸೆತದಲ್ಲೇ ಸ್ಟಂಪ್ ಹಾರಿದ್ದು ಎಲ್ಲರಿಗೂ ಬಾಯಿಪಾಠ. ಅನಿಲ್ ಕುಂಬ್ಳೆ ಕೂಡ ಅಂದು ಮೂರು ವಿಕೆಟ್ ಪಡೆದಿದ್ದರು ಎಂಬುದು ಎಷ್ಟು ಜನರಿಗೆ ನೆನಪಿದೆ? ಭಾರತ ಗೆದ್ದದ್ದು 39 ರನ್‌ಗಳಿಂದ. ಜಾವೇದ್ ಮಿಯಾಂದಾದ್ ಏಕದಿನ ಕ್ರಿಕೆಟ್‌ಗೆ ವಿದಾಯ ಹೇಳಿದ್ದೂ ಇಲ್ಲೇ.

ಆಮೇಲಿನದು ಬಹುಪಾಲು ಸೋಲಿನ ಪಟ್ಟಿ. 1999ರ ಪೆಪ್ಸಿ ಕಪ್ ಫೈನಲ್‌ನಲ್ಲಿ 123 ರನ್‌ಗಳ ಸೋಲು. 2005ರಲ್ಲಿ ಸೆಹ್ವಾಗ್ 201 ಹೊಡೆದರೂ ಯೂನಿಸ್ ಖಾನ್‌ರ 267ರ ಮುಂದೆ ಸಾಲಲಿಲ್ಲ. 2007ರಲ್ಲಿ ಸೌರವ್ ಗಂಗೂಲಿ ಇಲ್ಲಿ 239 ಬಾರಿಸಿದರು. ಪಂದ್ಯ ಡ್ರಾ ಆಗಿ, ನಾಯಕ ಕುಂಬ್ಳೆ ತವರಿನಲ್ಲಿ ಸರಣಿ ಎತ್ತಿಹಿಡಿದರು. 2012ರ ಕ್ರಿಸ್‌ಮಸ್ ದಿನದ ಟಿ20 ಪಾಕಿಸ್ತಾನಕ್ಕೇ ಹೋಯಿತು.

2023ರ ವಿಶ್ವಕಪ್‌ನಲ್ಲಿ ಪಾಕಿಸ್ತಾನ ಇಲ್ಲಿಗೆ ಮತ್ತೆ ಬಂತು, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್ ವಿರುದ್ಧ ಆಡಲು. ಭಾರತದೊಂದಿಗಿನ ಪಂದ್ಯ ಅಹಮದಾಬಾದ್ ಪಾಲಾಗಿತ್ತು.