ಅನಿಲೀಕರಣ: ಪ್ರಯೋಗಶಾಲೆಯಿಂದ ಹಳ್ಳಿಯವರೆಗೆ

ಕಲ್ಲಿದ್ದಲನ್ನೋ ಕಟ್ಟಿಗೆಯನ್ನೋ ಪೂರ್ತಿ ಉರಿಯಲು ಸಾಲದಷ್ಟು ಗಾಳಿಯಲ್ಲಿ ಕಾಯಿಸಿ, ಉರಿಯಬಲ್ಲ ಅನಿಲವಾಗಿ ಮಾರ್ಪಡಿಸುವುದೇ ಅನಿಲೀಕರಣ. ಕಲ್ಲಿದ್ದಲನ್ನು ಅಗೆಯದೆ, ಕೊರೆದ ಬಾವಿಗಳಲ್ಲಿ ಗಾಳಿ ಅಥವಾ ಆಮ್ಲಜನಕ ಹಾಯಿಸಿ ನೆಲದಡಿಯಲ್ಲೇ ಅನಿಲವಾಗಿಸುವುದು ಅದರ ಒಂದು ಬಗೆ. 1868ರಲ್ಲಿ ವಿಲಿಯಂ ಸೀಮೆನ್ಸ್ ಸೂಚಿಸಿದ ಈ ವಿಧಾನವನ್ನು ಸೋವಿಯತ್ ಒಕ್ಕೂಟ 1930ರ ದಶಕದಲ್ಲಿ ಪ್ರಯೋಗಕ್ಕಿಳಿಸಿತು. ಅಮೆರಿಕದ ಹೋ ಕ್ರೀಕ್‌ನಲ್ಲಿ 1976–79ರಲ್ಲಿ ನಡೆದ ಪ್ರಯೋಗಗಳಿಂದ ಅಂತರ್ಜಲ ಕೆಟ್ಟಿತು. ನೆಲದೊಳಗಿನ ಪರಿಸ್ಥಿತಿಯನ್ನು ಮೊದಲೇ ಲೆಕ್ಕ ಹಾಕುವ ಗಣಿತ ಮಾದರಿಗಳ ಅಗತ್ಯ ಇದರಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕದ ಚಿತ್ರದುರ್ಗ ಜಿಲ್ಲೆಯಲ್ಲಿ ನೆಲದಡಿಯ ಈ ವಿಧಾನಕ್ಕೆ ಎಡೆಯಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ನೆಲದ ಮೇಲೆ ಗಿಡಮರ ಹುಟ್ಟುವ ಮೊದಲೇ ರೂಪುಗೊಂಡವು. ಆದ್ದರಿಂದ ಇಲ್ಲಿ ತಾಮ್ರ, ಕಬ್ಬಿಣದ ಅದಿರು ದೊರೆತರೂ ಕಲ್ಲಿದ್ದಲಿಲ್ಲ. ಕರ್ನಾಟಕದಲ್ಲಿ ಅನಿಲೀಕರಣ ಬೆಳೆದದ್ದು ಕಟ್ಟಿಗೆಯನ್ನು ನಂಬಿ, ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ.

ಗ್ಯಾಸಿಫೈಯರ್‌ನಲ್ಲಿ (ಅನಿಲೀಕರಣದ ಸಾಧನದಲ್ಲಿ) ಕಟ್ಟಿಗೆ ಮೊದಲು ಒಣಗುತ್ತದೆ, ಬಳಿಕ ಆವಿ ಮತ್ತು ಟಾರ್ ಬಿಟ್ಟುಕೊಟ್ಟು ಇದ್ದಿಲಾಗುತ್ತದೆ. ಆವಿಯ ಒಂದು ಭಾಗ ಉರಿದು ಶಾಖ ಒದಗಿಸುತ್ತದೆ. ಕೆಂಡವಾದ ಇದ್ದಿಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯೊಡನೆ ವರ್ತಿಸಿ ಇಂಗಾಲದ ಮಾನಾಕ್ಸೈಡ್, ಜಲಜನಕ ಕೊಡುತ್ತದೆ. ಗಾಳಿಯ ಸಾರಜನಕವೇ ಸುಮಾರು ಅರ್ಧ ಪಾಲು ಇರುವುದರಿಂದ ಈ ಅನಿಲದ ಶಾಖಮೌಲ್ಯ ಘನ ಮೀಟರಿಗೆ 5 ಮೆಗಾಜೂಲ್‌ನಷ್ಟೇ. ಟಾರ್ ಉಳಿದರೆ ಎಂಜಿನ್ ಕೆಡುತ್ತದೆ.

ಈ ತೊಡಕನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮೂಲದಿಂದ ಅಧ್ಯಯನ ಮಾಡಿತು. ಅಮೂಲ್ಯ ರೆಡ್ಡಿ ಅಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರ ಕಟ್ಟಿದ್ದರು. ಎಚ್.ಎಸ್. ಮುಕುಂದ ಮತ್ತು ಸಂಗಡಿಗರು 1984ರಲ್ಲಿ ಮರದ ಗೋಳಗಳು ಉರಿಯುವ ಬಗೆಯನ್ನು ಅಳೆದು ಮಾದರಿ ರಚಿಸಿದರು. ಎಸ್. ದಾಸಪ್ಪ, ಪಿ.ಜೆ. ಪಾಲ್ ಅವರೊಂದಿಗಿನ 1994ರ ಅಧ್ಯಯನ ಇದ್ದಿಲಿನ ಗೋಳಗಳ ಅನಿಲೀಕರಣವನ್ನು ಪ್ರಯೋಗ ಮತ್ತು ಲೆಕ್ಕ ಎರಡರಿಂದಲೂ ವಿವರಿಸಿತು. ಇದ್ದಿಲಿನ ರಂಧ್ರಗಳೊಳಗೆ ಅನಿಲ ಹರಡುವ ವೇಗ, ಗೋಳದ ಗಾತ್ರ, ತಾಪಮಾನಗಳ ಸಂಬಂಧ ತಿಳಿದಂತೆ ಸಾಧನದ ವಿನ್ಯಾಸಕ್ಕೆ ಆಧಾರ ಸಿಕ್ಕಿತು. ಬಾಯಿ ತೆರೆದ ಗ್ಯಾಸಿಫೈಯರ್‌ಗೆ ಮೇಲಿನಿಂದಲೂ ಪಕ್ಕದಿಂದಲೂ ಗಾಳಿ ಬಿಟ್ಟು, ಕೆಂಡದ ಆಳವಾದ ಪದರದಲ್ಲಿ ಟಾರ್ ಒಡೆಯುವ ವಿನ್ಯಾಸ ಹೀಗೆ ಪಕ್ವವಾಯಿತು.

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಗೆ 1988ರಲ್ಲಿ ಕಟ್ಟಿಗೆ ಅನಿಲದ ವಿದ್ಯುತ್ ಬಂತು. ಮನೆಗಳಿಗೆ ಬೆಳಕು, ಕುಡಿಯುವ ನೀರು, ಹಿಟ್ಟಿನ ಗಿರಣಿ, ಮುಂದೆ ನೀರಾವರಿಯೂ ಅದರಿಂದಲೇ ನಡೆದವು. ಎನ್.ಎಚ್. ರವೀಂದ್ರನಾಥ್ ಮತ್ತು ಸಂಗಡಿಗರು ಅದರ ವರ್ಷಾನುವರ್ಷದ ದಾಖಲೆ ಇಟ್ಟರು. ಡೀಸೆಲ್ ಉಳಿತಾಯದಷ್ಟೇ ಉರುವಲು ತೋಪು, ಊರವರ ಶುಲ್ಕ ಪಾವತಿ, ತರಬೇತಿ ಪಡೆದ ನಿರ್ವಾಹಕರೂ ಮುಖ್ಯವೆಂದು ಈ ದಾಖಲೆ ತೋರಿಸಿತು.

ಜಾಗತಿಕ ಪರಿಸರ ನಿಧಿ ಮತ್ತು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನ ಯೋಜನೆಯಲ್ಲಿ ಅದೇ ಜಿಲ್ಲೆಯ ಕಬ್ಬಿಗೆರೆಯ 500 ಕಿಲೋವ್ಯಾಟ್ ಘಟಕ 2007ರಲ್ಲಿ ವಿದ್ಯುತ್ ಜಾಲಕ್ಕೆ ಸೇರಿತು. ಅಲ್ಲಿ ತೊಡಕು ಯಂತ್ರಕ್ಕಿಂತ ಹೆಚ್ಚಾಗಿ ಉರುವಲು ಪೂರೈಕೆಯಲ್ಲಿತ್ತು, ಖರ್ಚಿಗೆ ಹೊಂದದ ಮಾರಾಟ ದರದಲ್ಲಿತ್ತು.

ಚಿತ್ರದುರ್ಗದ ಬಯಲಿನಲ್ಲಿ ಬಳ್ಳಾರಿ ಜಾಲಿ ಹೇರಳ. ಹೊಸದುರ್ಗ, ಹಿರಿಯೂರಿನ ತೋಟಗಳಲ್ಲಿ ತೆಂಗಿನ ಕರಟ ಸಿಗುತ್ತದೆ. ಎರಡೂ ಗ್ಯಾಸಿಫೈಯರ್‌ಗೆ ಒಗ್ಗುವ ಉರುವಲು. ಆದರೆ ತೇವ ಶೇ 15–20ರೊಳಗಿರಬೇಕು, ತುಂಡುಗಳು ಸಮಗಾತ್ರದಲ್ಲಿರಬೇಕು, ವರ್ಷವಿಡೀ ದಾಸ್ತಾನು ಇರಬೇಕು. ಅನಿಲೀಕರಣದ ರಸಾಯನ ಇಂದು ಸಾಕಷ್ಟು ತಿಳಿದಿರುವ ವಿಷಯ. ಯಾವುದೇ ಹೊಸ ಘಟಕದ ಯಶಸ್ಸನ್ನು ನಿರ್ಧರಿಸುವುದು ಉರುವಲಿನ ಲೆಕ್ಕ ಮತ್ತು ಊರಿನ ನಿರ್ವಹಣೆ.