ಮೆಣಸಿನಕಾಯಿ ಬರುವ ಮೊದಲು ನಮ್ಮ ಹಿತ್ತಲಲ್ಲಿ ಏನಿತ್ತು?

ಕೊಣನೂರಿನ ಸಂತೆಗೆ ಹೋದರೆ ಚೀಲಕ್ಕೆ ಮೊದಲು ಬೀಳುವುದು ಟೊಮೆಟೊ, ಹಸಿಮೆಣಸಿನಕಾಯಿ, ಆಲೂಗೆಡ್ಡೆ, ಬೀನ್ಸ್. ಐನೂರು ವರ್ಷಗಳ ಹಿಂದೆ ಇವುಗಳಲ್ಲಿ ಒಂದೂ ನಮ್ಮ ಸೀಮೆಯಲ್ಲಿ ಇರಲಿಲ್ಲ. ಸಿಹಿಗುಂಬಳ, ಸೀಮೆಬದನೆ, ಪರಂಗಿಹಣ್ಣು ಕೂಡ ಇರಲಿಲ್ಲ. ಎಲ್ಲವೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಹೆಚ್ಚಿನವು ಆಮೇಲೆ ಹಡಗಿನಲ್ಲಿ ಬಂದು ನಿಧಾನವಾಗಿ ಒಳನಾಡಿಗೆ ಹಬ್ಬಿದವು.

ಹಾಗಾದರೆ ಅದಕ್ಕೂ ಮೊದಲು ನಮ್ಮವರು ಏನು ಬೇಯಿಸುತ್ತಿದ್ದರು?

ಅರಕಲಗೂಡು ಸೀಮೆಯನ್ನು ಕೊಂಗಾಳ್ವರು ಆಳುತ್ತಿದ್ದ ಕಾಲದಲ್ಲೇ, ಅಂದರೆ ಸುಮಾರು 1025ರಲ್ಲಿ, ಎರಡನೇ ಚಾವುಂಡರಾಯ 'ಲೋಕೋಪಕಾರ' ಬರೆದ. ಗಿಡಮರ ಬೆಳೆಸುವುದು, ನೆಲದೊಳಗಿನ ನೀರು ಹುಡುಕುವುದು, ಅಡುಗೆ, ಔಷಧಿ ಎಲ್ಲವೂ ಆ ಒಂದೇ ಪುಸ್ತಕದಲ್ಲಿವೆ. ತೋಟ ಬೇರೆ, ಒಲೆ ಬೇರೆ ಅಂತ ಅವನು ನೋಡಲಿಲ್ಲ.

ಇನ್ನೊಂದು ಸಾಕ್ಷಿ ನಮಗೆ ಇನ್ನೂ ಹತ್ತಿರದ್ದು. ಕೊಣನೂರಿನಿಂದ ಹೊಳೆ ದಾಟಿ ಪಿರಿಯಾಪಟ್ಟಣದ ಆಚೆ ಹೋದರೆ ಹುಣಸೂರು ಸೀಮೆ. ಅಲ್ಲಿನ ಕಲ್ಲಹಳ್ಳಿಯ ಮೂರನೇ ಮಂಗರಸ 1500ರ ಆಸುಪಾಸಿನಲ್ಲಿ 'ಸೂಪಶಾಸ್ತ್ರ' ಎಂಬ ಅಡುಗೆ ಪುಸ್ತಕವನ್ನು ಷಟ್ಪದಿಯಲ್ಲಿ ಬರೆದ. ಅವನು ಜೈನ, ಹಾಗಾಗಿ ಅದರಲ್ಲಿರುವುದೆಲ್ಲ ಸಸ್ಯಾಹಾರ. ಬದನೆ, ಬಾಳೆ, ಹಲಸು, ಬಿದಿರಿನ ಕಳಲೆ ಇವೇ ಅಲ್ಲಿನ ತರಕಾರಿ. ಖಾರಕ್ಕೆ ಕಾಳುಮೆಣಸು, ಶುಂಠಿ.

ಆದರೆ ಮಂಗರಸ ಪಾಳೆಯಗಾರರ ಮನೆತನದವನು. ತುಪ್ಪ, ಹಾಲು, ಸಕ್ಕರೆಗೆ ಅವನ ಅಡುಗೆಮನೆಯಲ್ಲಿ ಬರವಿರಲಿಲ್ಲ. ರಾಗಿ ತಿನ್ನುವ ಮನೆಯ ಒಲೆಯ ಬಗ್ಗೆ ಯಾರೂ ಕಾವ್ಯ ಬರೆಯಲಿಲ್ಲ. ಆ ಚರಿತ್ರೆ ಉಳಿದಿರುವುದು ನಮ್ಮ ಮಾತಿನಲ್ಲಿ.

'ಮೆಣಸಿನಕಾಯಿ' ಎಂಬ ಪದವನ್ನೇ ಬಿಡಿಸಿ ನೋಡಿ. ಮೆಣಸು ಮೊದಲೇ ಇತ್ತು. ಅದರಂತೆ ಖಾರವಾದ ಕಾಯಿ ಆಮೇಲೆ ಬಂತು, ಹೆಸರು ಹಳೆಯದಕ್ಕೆ ಅಂಟಿಕೊಂಡಿತು. ಹೊರಗಿನಿಂದ ಬಂದದ್ದಕ್ಕೆ 'ಸೀಮೆ', 'ಪರಂಗಿ' ಸೇರಿಸಿದೆವು. ಆದರೆ ದಂಟು, ಹೊನಗೊನೆ, ಬಸಳೆ, ನುಗ್ಗೆ, ಅವರೆ, ಹುರುಳಿಗೆ ಅಂಥ ಗುರುತು ಬೇಕಾಗಲಿಲ್ಲ. ಅವು ಮನೆಯವೇ.

ಬಸ್ಸಾರು ಅಂದರೆ ಬಸಿದ ಸಾರು. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ, ನೀರು ಬಸಿದು ಅದರಲ್ಲೇ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ. ಸೊಪ್ಪಿನ ಸತ್ವ ಇಳಿದ ನೀರೂ ಚೆಲ್ಲುವುದಿಲ್ಲ. ಹುಳಿಗೆ ಹುಣಸೆ ಸಾಕು, ಟೊಮೆಟೊ ಬೇಕಿಲ್ಲ. ಸೌದೆ, ನೀರು ಎರಡನ್ನೂ ಹೊತ್ತು ತರುತ್ತಿದ್ದ ಹೆಂಗಸರ ಲೆಕ್ಕಾಚಾರ ಇದರಲ್ಲಿದೆ.

ಇದಕ್ಕೆ ಬೇಕಾದದ್ದು ಹಿತ್ತಲು ಮತ್ತು ಹೊಲ. ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬಸಳೆ, ದೊಡ್ಡಪತ್ರೆ. ಬೇಲಿಗೆ ನುಗ್ಗೆ. ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಅಲಸಂದೆ. ಕಳೆ ಕೀಳುವಾಗ ಸಿಕ್ಕ ಅಣ್ಣೆ, ಗಣಿಕೆ, ಹೊನಗೊನೆ ಮಡಿಲಿಗೆ ಬಿದ್ದು ಸಂಜೆಗೆ ಬೆರಕೆ ಸೊಪ್ಪಿನ ಸಾರಾಗುತ್ತಿತ್ತು.

ಕೆಡಿಸಿದ್ದು ಮೆಣಸಿನಕಾಯಿಯಲ್ಲ. ಅದನ್ನು ನಾವು ನಮ್ಮದಾಗಿಸಿಕೊಂಡೆವು. ಆಲೂಗೆಡ್ಡೆಯನ್ನಂತೂ ಹಾಸನ ತನ್ನ ಹೆಸರಿಗೇ ಬರೆದುಕೊಂಡಿತು. ಕಷ್ಟ ಶುರುವಾದದ್ದು ಹೊಲವಿಡೀ ಒಂದೇ ಬೆಳೆ ಬಂದಾಗ. ರಾಮನಾಥಪುರದಲ್ಲಿ ಹರಾಜು ಮಾರುಕಟ್ಟೆಯಿದೆ, ಹೊಗೆಸೊಪ್ಪಿಗೆ ಕೈತುಂಬ ಕಾಸು ಬರುತ್ತದೆ, ನಿಜ. ಆದರೆ ಹೊಗೆಸೊಪ್ಪಿನ ಹೊಲದಲ್ಲಿ ಅಕ್ಕಡಿ ಸಾಲಿಲ್ಲ. ಕಳೆನಾಶಕ ಹೊಡೆದ ಬದುವಿನಲ್ಲಿ ಅಣ್ಣೆಸೊಪ್ಪಿಲ್ಲ. ತಿನ್ನುವ ಸೊಪ್ಪನ್ನು ಆ ಕಾಸು ಕೊಟ್ಟೇ ಸಂತೆಯಲ್ಲಿ ಕೊಳ್ಳಬೇಕಾಗಿದೆ.

ಕಳೆದುಹೋಗುತ್ತಿರುವುದು ಸೊಪ್ಪು ಮಾತ್ರವಲ್ಲ, ಅದರ ಗುರುತು. ಯಾವುದು ಬೇಯಿಸುವ ಸೊಪ್ಪು, ಯಾವುದು ಬರೀ ಕಳೆ, ಯಾವುದರ ಎಳೆ ಕುಡಿ ಮಾತ್ರ ಕೀಳಬೇಕು ಎಂಬುದು ಯಾವ ಶಾಸ್ತ್ರದಲ್ಲೂ ಪೂರ್ತಿಯಾಗಿ ಇಲ್ಲ. ಊರಿನ ಅಜ್ಜಿಯರಿಗೆ ಗೊತ್ತು. ಈ ಮಳೆಗಾಲದಲ್ಲಿ ಒಮ್ಮೆ ಅವರ ಜೊತೆ ಬದುವಿಗೆ ಹೋಗಿ, ತೋರಿಸಿದ ಸೊಪ್ಪಿನ ಫೋಟೊ ತೆಗೆದು ಹೆಸರು ಬರೆದಿಡಿ. ಮಂಗರಸ ಬರೆಯದೆ ಬಿಟ್ಟ ಅಧ್ಯಾಯ ಅದೇ.